ಚಕ್ರವರ್ತಿಯ ಹೆಗಲ ಮೇಲಿನ ಮರಿ

ಆ ದಿನ ಮರೆಯಬಾರದ ಹದಿನೆಂಟು ವಿಷಯಗಳನ್ನು ನಾನು ಒಂದು ಚೀಟಿಯಲ್ಲಿ ಬರೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದೆ. ಚಕ್ರವರ್ತಿಯ ಮೀಸೆಗೆ ಅಂಟು, ಸೊರಬದ ಕಡೆಯಿಂದ ಬರುವ ಹೆಂಗಸರಿಗೆ ಅವಲಕ್ಕಿ, ಮುಖ್ಯ ಅತಿಥಿಗಳಿಗೆ ಕೈಯಿರುವ ಕುರ್ಚಿ, ಪರದೆಯ ಹಗ್ಗಕ್ಕೆ ಇನ್ನೊಂದು ಗಂಟು, ಹೀಗೆ. ದೀಪ ಅದರಲ್ಲಿ ಇರಲಿಲ್ಲ.

ಸಾವಿರದ ಒಂಬೈನೂರ ಐವತ್ತೆಂಟರ ಫೆಬ್ರವರಿ. ಶಿಕಾರಿಪುರದ ಬ್ಲಾಕ್ ಕಚೇರಿಯಲ್ಲಿ ನಾನು ಸಮಾಜ ಶಿಕ್ಷಣ ಸಂಘಟಕಿ. ಹೆಸರು ದೊಡ್ಡದು, ಕೆಲಸ ಒಂದು ವರ್ಷದ್ದು. ಮಾರ್ಚ್ ಕೊನೆಗೆ ಅವಧಿ ಮುಗಿಯುತ್ತಿತ್ತು. ಮುಂದುವರಿಸಬೇಕೋ ಬೇಡವೋ ಎಂಬುದು ಬ್ಲಾಕ್ ಅಧಿಕಾರಿ ಚಂದ್ರಶೇಖರಪ್ಪನವರು ಬರೆಯುವ ಒಂದು ವರದಿಯ ಮೇಲೆ ನಿಂತಿತ್ತು. ಮುಂದುವರಿಸದಿದ್ದರೆ ಭದ್ರಾವತಿಯ ಅಣ್ಣನ ಮನೆಗೆ ವಾಪಸು. ಅಣ್ಣ ಅತ್ತಿಗೆ ಕೆಟ್ಟವರಲ್ಲ. ಆದರೆ ಶಿಕಾರಿಪುರದಲ್ಲಿ ಕಾಂಪೌಂಡರ್ ಸುಬ್ಬಪ್ಪನವರ ಮನೆಯ ಹಿಂದೆ ನನಗೊಂದು ಕೋಣೆಯಿತ್ತು. ಕೋಣೆಗೊಂದು ಬೀಗ, ಬೀಗಕ್ಕೊಂದು ಕೀಲಿಕೈ, ಕೀಲಿಕೈ ನನ್ನ ಸೊಂಟದಲ್ಲಿ. ಬಿ.ಎ. ಓದಿ ನಾನು ಸಂಪಾದಿಸಿದ್ದು ಅದೊಂದೇ. ದಿನಕ್ಕೆ ಹತ್ತು ಸಲ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ನಾಟಕ ಹುಟ್ಟಿದ್ದು ಮಧ್ಯಾಹ್ನದ ಅಕ್ಷರ ತರಗತಿಯಲ್ಲಿ. ಹಿಂದಿನ ವರ್ಷ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಿದ್ದವು; ಎಲ್ಲೋ ಹಾರಿಸಿದ ಬಾಂಬಿನ ಹೊಗೆ ಇಲ್ಲಿವರೆಗೂ ಬಂತಂತೆ ಎಂಬ ಸುದ್ದಿ ಡಿಸೆಂಬರಿನಲ್ಲಿ ತರಗತಿಗೂ ಬಂತು. ಹಾಗಲ್ಲ, ಅದು ಉಣುಗು ಕಚ್ಚಿ ಬರುವ ಕಾಯಿಲೆಯಂತೆ, ಡಾಕ್ಟರು ಹುಡುಕುತ್ತಿದ್ದಾರೆ ಎಂದು ನಾನು ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ಮಾಳಮ್ಮ ಮಾತ್ರ ಬಾಂಬನ್ನು ಬಿಡಲಿಲ್ಲ.

ಮಾಳಮ್ಮ ಕುರಿ ಸಾಕುವ ಮನೆಯವಳು. ವಯಸ್ಸು ಐವತ್ತರ ಹತ್ತಿರ. ಊರ ಹೊರಗಿನ ಹಟ್ಟಿಯಿಂದ ದಿನಾ ನಡೆದು ಬರುತ್ತಿದ್ದಳು. ತಾಯಿ ಸತ್ತ ಒಂದು ಮರಿಯನ್ನು ಕಂಬಳಿಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಅ ಆ ಇ ಈ ತಿದ್ದುತ್ತಿದ್ದಳು. ಮರಿ ಅತ್ತರೆ ಸ್ಲೇಟು ಕೆಳಗಿಟ್ಟು ಸೀಸೆಯಲ್ಲಿ ಹಾಲು ಕುಡಿಸುತ್ತಿದ್ದಳು.

“ಅಕ್ಕೋರೆ, ಆ ಬಾಂಬು ಹಾಕಿದಾವ ಯಾರು? ಹಾಕು ಅಂದಾವನಾ, ಹಾಕಿದಾವನಾ?”

“ದೂರದಲ್ಲಿ ಕೂತು ಒಬ್ಬರು ಅಪ್ಪಣೆ ಕೊಡ್ತಾರೆ ಮಾಳಮ್ಮ. ವಿಮಾನದಲ್ಲಿ ಕೂತವನು ಗುಂಡಿ ಒತ್ತುತ್ತಾನೆ.”

“ಒತ್ತಾದಿಲ್ಲ ಅಂದ್ರೆ?”

“ಸಿಪಾಯಿ ಹಾಗೆ ಅನ್ನೋ ಹಾಗಿಲ್ಲ.”

“ಹಂಗಂತ ಎಲ್ಲಿ ಬರದೈತಿ?”

ಎಲ್ಲಿ ಬರೆದಿದೆ ಎಂದು ನನಗೆ ಗೊತ್ತಿರಲಿಲ್ಲ. ಓದು ಬರಹ ಕಲಿಸುವವಳಿಗೆ ಅದು ಅವಮಾನದ ಸಂಗತಿ. ಒಂದು ವಾರ ಆ ಪ್ರಶ್ನೆಯನ್ನು ಹೊತ್ತು ತಿರುಗಿದೆ. ಕೊನೆಗೆ ಉತ್ತರ ಹೇಳಲಾರದೆ ಒಂದು ನಾಟಕ ಬರೆದೆ.

ನಾಟಕ ಸಣ್ಣದು. ಒಬ್ಬ ಚಕ್ರವರ್ತಿ, ಒಬ್ಬ ಸೇನಾಪತಿ, ನಡುವೆ ಒಂದು ಕೆಂಪು ಗುಂಡಿ, ಆಚೆಗೆ ಒಂದು ಶತ್ರುನಗರ. ಗುಂಡಿ ಒತ್ತಿದರೆ ನಗರ ಬೂದಿ. ಚಕ್ರವರ್ತಿ ಒತ್ತು ಎನ್ನುತ್ತಾನೆ, ಸೇನಾಪತಿ ಒತ್ತುವುದಿಲ್ಲ ಎನ್ನುತ್ತಾನೆ. ಇಷ್ಟನ್ನು ಶಿಕಾರಿಪುರದ ಮಹಿಳಾ ಸಮಾಜದವರು ಆಡಬೇಕೆಂದು ಗೊತ್ತಾಯಿತು. ಚಕ್ರವರ್ತಿಯ ಪಾತ್ರ ಅಮಲ್ದಾರರ ಹೆಂಡತಿ ಮಹಾದೇವಮ್ಮನವರಿಗೆ. ಅವರೇ ಸಮಾಜದ ಅಧ್ಯಕ್ಷರು, ದನಿ ದೊಡ್ಡದು, ಗಂಡನ ಜರತಾರಿ ಪೇಟವೂ ಇತ್ತು. ಸೇನಾಪತಿಯ ಪಾತ್ರ ಮಾಳಮ್ಮನಿಗೆ. ಪ್ರಶ್ನೆ ಕೇಳಿದವಳೇ ಅನುಭವಿಸಲಿ ಎಂದು ಉಳಿದ ಹೆಂಗಸರು ನಕ್ಕರು.

ಶತ್ರುಗಳಾಗಲು ಮಾತ್ರ ಶಿಕಾರಿಪುರದಲ್ಲಿ ಯಾರೂ ಒಪ್ಪಲಿಲ್ಲ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಸಮಾಜಕ್ಕೆ ಕಾಗದ ಬರೆದೆ. ಮರುವಾರವೇ ಅವರ ಮುಖಂಡಳು ಮೂಕಮ್ಮ ಖುದ್ದಾಗಿ ಬಸ್ಸಿನಲ್ಲಿ ಬಂದಳು. ಹೆಸರಿಗೆ ಮೂಕಮ್ಮ, ಬಾಯಿ ನಿಲ್ಲುವುದೇ ಇಲ್ಲ.

“ನಮ್ಮೂರೋರು ಎಂತ ಬೇಕಾರೂ ಆಗ್ತೀವಿ ಮಾರಾಯ್ತಿ. ಸಾಯೋದು ಅದೆಯಾ ನಾಟಕದಲ್ಲಿ?”

“ಇಲ್ಲ. ಸೇನಾಪತಿ ಗುಂಡಿ ಒತ್ತುವುದೇ ಇಲ್ಲವಲ್ಲ.”

“ಅಯ್ಯೋ. ಸಾಯೋದಿಲ್ದೆ ಇದ್ರೆ ಅದೆಂತ ನಾಟಕ?”

ಮೂಕಮ್ಮನ ಆಸೆಯನ್ನು ಚಂದ್ರಶೇಖರಪ್ಪನವರು ಈಡೇರಿಸಿದರು. ಹಸ್ತಪ್ರತಿಯನ್ನು ಅನುಮೋದನೆಗೆ ಕೊಟ್ಟಾಗ ಅವರು ಕೊನೆಯ ಪುಟಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು.

“ನೋಡ್ರೀ ವನಜಮ್ಮ, ಮುಖ್ಯ ಅತಿಥಿಗಳು ಯಾರು ಗೊತ್ತೈತೇನ್ರೀ? ಸುಬೇದಾರ್ ಗುತ್ಯಪ್ಪನೋರು. ಇಪ್ಪತ್ತೆಂಟು ವರ್ಷ ಮಿಲಿಟರಿ, ಬರ್ಮಾ ಯುದ್ಧ ಮಾಡಿ ಬಂದೋರು. ಅವರ ಎದುರಿಗೆ, ಸರ್ಕಾರದ ಸ್ಟೇಜಿನ ಮ್ಯಾಲೆ, ಸೇನಾಪತಿ ಆಗಲ್ಲ ಅಂತಾನಾ? ನಾಳೆ ಜವಾನ ನನಗೆ ಆಗಲ್ಲ ಅಂತಾನೆ. ನಾಡಿದ್ದು ನೀವು ಅಂತೀರಿ.”

ನಾನು ಹಾಗೆಲ್ಲ ಅನ್ನುವವಳಲ್ಲ ಎಂದು ಹೇಳಬೇಕೆಂದುಕೊಂಡೆ. ಅವರು ಮಾರ್ಜಿನ್ನಿನಲ್ಲಿ ‘ಸೇನಾಪತಿ ಆಜ್ಞೆಯನ್ನು ಪಾಲಿಸತಕ್ಕದ್ದು’ ಎಂದು ಬರೆದು, ಕೆಳಗೆ ರುಜು ಹಾಕಿ, ಮಾರ್ಚ್ ವರದಿಯ ಫೈಲು ನಾಟಕ ಮುಗಿದ ಮೇಲೆ ತೆಗೆಯುತ್ತೇನೆ ಎಂದರು. ಕೋಣೆಗೆ ಹೋಗಿ, ಬೀಗ ತೆಗೆದು, ಕೂತು, ಕೊನೆಯ ಪುಟವನ್ನು ಹೊಸದಾಗಿ ಬರೆದೆ. ಅಕ್ಷರ ಗುಂಡಗೆ ಬಂತು. ಸೇನಾಪತಿ ‘ಅಪ್ಪಣೆ, ಮಹಾಪ್ರಭು’ ಎಂದು ಗುಂಡಿ ಒತ್ತಿದ. ನಗರವಾಸಿಗಳೆಲ್ಲ ಸತ್ತರು. ‘ಆಗಲ್ಲ’ ಎಂದು ಹೇಳುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಸೇನಾಪತಿಗೆ ಮೊದಲು ಬರೆದುಕೊಟ್ಟದ್ದನ್ನೇ ನಾನು ಮಾಡಲಾರದೆ ಹೋದೆ ಎಂಬುದು ಆಗ ಹೊಳೆಯಲಿಲ್ಲ. ಹೊಳೆದರೂ ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿರಲಿಲ್ಲ.

ತಾಲೀಮಿನಲ್ಲಿ ಮಾಳಮ್ಮ ಒಂದು ಮಾತೂ ತಪ್ಪಲಿಲ್ಲ. ‘ಅಪ್ಪಣೆ, ಮಹಾಪ್ರಭು’ ಎಂದು ಗಟ್ಟಿಯಾಗಿ ಹೇಳಿ, ಮಗುಚಿಟ್ಟ ಚೊಂಬಿನ ನೆತ್ತಿಗೆ ಅಂಗೈ ಒತ್ತುತ್ತಿದ್ದಳು. ಕೆಂಪು ಬಣ್ಣ ಬಳಿದ ಆ ಚೊಂಬೇ ನಮ್ಮ ಗುಂಡಿ. ಅವಳು ಒತ್ತಿದ ಕೂಡಲೇ ಪಕ್ಕದ ಪರದೆಯ ಹಿಂದೆ ನಿಂತ ನಾನು ರಸ್ತೆ ಕೆಲಸದವರಿಂದ ತಂದ ಖಾಲಿ ಡಾಂಬರು ಪೀಪಾಯಿಗೆ ಒನಕೆಯಿಂದ ಬಾರಿಸಬೇಕು. ಅದೇ ಬಾಂಬು. ಸದ್ದಿಗೆ ಮೊದಲ ದಿನ ಪಕ್ಕದ ಓಣಿಯ ಎಮ್ಮೆ ಹಗ್ಗ ಹರಿದುಕೊಂಡು ಹೋಯಿತು.

ಪ್ರದರ್ಶನದ ದಿನ ಮೂರೂವರೆಗೆಲ್ಲ ಮಿಡ್ಲ್ ಸ್ಕೂಲಿನ ಅಂಗಳ ತುಂಬಿತ್ತು. ಸೊರಬದ ಬಸ್ಸು ಆರೂವರೆಗೆ ಹೊರಡುವುದರಿಂದ ನಾಟಕ ಬಿಸಿಲಿರುವಾಗಲೇ ಮುಗಿಯಬೇಕಿತ್ತು. ಮುಂದಿನ ಸಾಲಿನಲ್ಲಿ ಅಮಲ್ದಾರರು, ಅವರ ಪಕ್ಕ ಕೈಯಿರುವ ಕುರ್ಚಿಯಲ್ಲಿ ಸುಬೇದಾರ್ ಗುತ್ಯಪ್ಪನವರು. ಬಿಳಿ ಮೀಸೆ, ನೆಟ್ಟಗಿನ ಬೆನ್ನು, ಎದೆಯ ಮೇಲೆ ನಾಲ್ಕು ಪದಕ. ಆಚೆ ಚಂದ್ರಶೇಖರಪ್ಪನವರು, ತೊಡೆಯ ಮೇಲೆ ಅನುಮೋದಿತ ಪ್ರತಿ. ಹಿಂದೆ ಹಟ್ಟಿಯ ಹೆಂಗಸರೆಲ್ಲ ಮಾಳಮ್ಮನ ಅತ್ತೆ ನಿಂಗಮ್ಮನನ್ನು ಸುತ್ತುವರಿದು ಕೂತಿದ್ದರು. ವೇದಿಕೆಯ ಎಡಕ್ಕೆ ಶತ್ರುನಗರ. ಕುಪ್ಪಗಡ್ಡೆಯ ಒಂಬತ್ತು ಜನ ಅಲ್ಲಿ ಮಣೆ, ಒರಳು, ಬಿಂದಿಗೆ ಎಲ್ಲ ಜೋಡಿಸಿಕೊಂಡು, ಹೂ ಮುಡಿದು, ಸಾಯಲು ಸಿದ್ಧರಾಗಿದ್ದರು.

ಅಮಲ್ದಾರರ ಮನೆಯಿಂದ ಬಂದ ಎದೆಯೆತ್ತರದ ಕಂಚಿನ ದೀಪವನ್ನು ಸುಬೇದಾರರು ಹಚ್ಚಿ ಸಮಾರಂಭ ಉದ್ಘಾಟಿಸಿದರು. ಐದು ಬತ್ತಿ. ಎಣ್ಣೆ ಧಾರಾಳ. ಪ್ರಾರ್ಥನೆ, ಸ್ವಾಗತ, ಹಾರ. ಪರದೆ ಸರಿಯಿತು. ಚಕ್ರವರ್ತಿ ಪೇಟ ಸುತ್ತಿ ಒಳಬಂದರು. ದೀಪ ವೇದಿಕೆಯ ನಟ್ಟನಡುವೆ ಹಾಗೆಯೇ ಉರಿಯುತ್ತಿತ್ತು. ನಾನು ಅದನ್ನು ನೋಡಿದೆ. ಚೆನ್ನಾಗಿಯೇ ಕಾಣುತ್ತಿದೆ ಎಂದುಕೊಂಡೆ.

ನಾಟಕ ಸರಾಗವಾಗಿ ನಡೆಯಿತು. ಮಹಾದೇವಮ್ಮನವರು ಕೋಪಗೊಂಡರು, ನಡೆದಾಡಿದರು, ಮೀಸೆ ತಿರುವಿದರು. ಜನ ಹಿಗ್ಗಿದರು. ಕೊನೆಗೆ ಅವರು ಕೈಯೆತ್ತಿ ಗುಡುಗಿದರು: “ಸೇನಾಪತಿ, ಒತ್ತು ಗುಂಡಿಯನ್ನು. ಆ ನಗರ ಬೂದಿಯಾಗಲಿ.”

ನಾನು ಒನಕೆ ಎತ್ತಿದೆ. ಮೂಕಮ್ಮ ಬೀಳಲು ಅನುಕೂಲವಾಗುವಂತೆ ಸೀರೆ ಸರಿಮಾಡಿಕೊಂಡಳು.

ಮಾಳಮ್ಮ ಬಾಯಿ ತೆರೆದವಳು ತೆರೆದಂತೆಯೇ ನಿಂತಳು. ಕಣ್ಣು ದೀಪದ ಮೇಲಿತ್ತು. ಆಮೇಲೆ ಪರದೆಯ ಕಡೆ ತಿರುಗಿ, ಇಡೀ ಅಂಗಳಕ್ಕೆ ಕೇಳುವಂತೆ ಪಿಸುಗುಟ್ಟಿದಳು.

“ಅಕ್ಕೋರೆ, ದೀಪ ಉರೀತೈತಿ.”

ಆ ಕ್ಷಣ ನನಗೆ ನೆನಪಾಯಿತು. ಅವರ ಹಟ್ಟಿಯಲ್ಲಿ ಉರಿಯುವ ದೀಪದ ಮುಂದೆ ಆಡಿದ ಮಾತು ಆಡಿದಂತೆಯೇ ನಡೆಯಬೇಕು. ಹೆಣ್ಣು ಕೊಡುವುದು, ಅಣ್ಣತಮ್ಮಂದಿರ ಕುರಿ ಪಾಲಾಗುವುದು, ರಾಜಿಯಾಗುವುದು, ಎಲ್ಲ ದೀಪದ ಮುಂದೆಯೇ. ಕಾಗದ ಪತ್ರ ಇಲ್ಲ. ಇದನ್ನು ಮಾಳಮ್ಮನೇ ನನಗೆ ಹೇಳಿದ್ದಳು, ರುಜು ಹಾಕಲು ಕಲಿಯುತ್ತಿದ್ದ ದಿನ. ತಾಲೀಮಿನಲ್ಲಿ ದೀಪ ಇರಲಿಲ್ಲ, ಮಾತು ಬರೀ ಮಾತಾಗಿತ್ತು. ಈಗ ಅವಳು ‘ಅಪ್ಪಣೆ’ ಎಂದರೆ ಅದು ಅಪ್ಪಣೆಯೇ. ಅತಿಥಿ ಹಚ್ಚಿದ ದೀಪವನ್ನು ಆರಿಸುವುದಂತೂ ಆಗದ ಮಾತು. ತಪ್ಪು ನನ್ನದು. ಚೀಟಿಯ ಹದಿನೆಂಟರ ಮುಂದೆ ಬರೆಯಬೇಕಿದ್ದ ಹತ್ತೊಂಬತ್ತನೆಯದು.

“ಸೇನಾಪತಿ, ನಿನಗೆ ಕಿವಿ ಕೇಳಿಸುವುದಿಲ್ಲವೋ?” ಎಂದರು ಚಕ್ರವರ್ತಿ. ಆಮೇಲೆ ಹಲ್ಲಿನ ಸಂದಿಯಿಂದ, “ಹೇಳೇ ಮಾಳಿ, ಅಪ್ಪಣೆ ಅನ್ನೇ.”

ಮಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಆಡಿದ ಮಾತು ನಾನು ಬರೆದದ್ದಲ್ಲ.

“ಮಹಾಪ್ರಭು, ಒಂದು ಸಲ ಕೇಳ್ತೀನಿ. ಒತ್ಲೇಬೇಕಾ?”

ಹಿಂದಿನ ಸಾಲಿನಲ್ಲಿ ಹಟ್ಟಿಯ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೆ ಇದು ಏನೆಂದು ಗೊತ್ತಿತ್ತು.

“ಒತ್ತಲೇಬೇಕು,” ಎಂದರು ಚಕ್ರವರ್ತಿ, ಗತ್ಯಂತರವಿಲ್ಲದೆ.

“ಎರಡು ಸಲ ಕೇಳ್ತೀನಿ. ಆ ಊರಾಗೆ ಮಕ್ಕಳು ಮರಿ ಅದಾವು. ಒತ್ಲೇಬೇಕಾ?”

“ಅದೇ ಹೇಳ್ತಾ ಇದೀನಲ್ಲೇ. ಒತ್ತು.”

“ಮೂರು ಸಲ ಕೇಳ್ತೀನಿ.”

“ಮೂವತ್ತು ಸಲ ಕೇಳು. ಚಕ್ರವರ್ತಿ ಮಾತು ಒಂದೇ.”

ಜನ ನಕ್ಕರು. ಮಾಳಮ್ಮ ನಗಲಿಲ್ಲ. ನೇರವಾಗಿ ಪರದೆಯ ಹಿಂದೆ ಬಂದಳು. ನನ್ನ ಕಾಲ ಬಳಿ ಬುಟ್ಟಿಯಲ್ಲಿ ಮಲಗಿದ್ದ ಮರಿಯನ್ನು ಎತ್ತಿಕೊಂಡು ವಾಪಸು ಹೋದಳು.

“ಮಹಾಪ್ರಭು, ನಮ್ಮ ಹಟ್ಟ್ಯಾಗೆ ಒಂದು ಪದ್ಧತಿ ಐತಿ. ಮಳೆಗಾಲದಾಗೆ ಕುಮುದ್ವತಿ ತುಂಬಿ ಹರಿಯಾವಾಗ ಹಿರಿಯ ಬಂದು, ಕುರಿ ಹೊಳಿಗೆ ಇಳಸ್ರಿ ಅಂತಾನೆ. ಮುಂದಿನ ಟಗರು ಹಿಡಿದಾವ ಮೂರು ಸಲ ಕೇಳ್ತಾನೆ. ಹಿರಿಯ ಮೂರು ಸಲಾನೂ ಇಳಸು ಅಂದ್ರೆ, ಹಿಂಡಿನಾಗಿನ ಎಲ್ಲಾಕಿಂತ ಸಣ್ಣ ಮರಿ ತಂದು ಅವನ ಹೆಗಲಿಗೆ ಹಾಕ್ತೀವಿ. ಅವನು ಮರಿ ಹೊತ್ಕೊಂಡು ಮೊದ್ಲು ನೀರಿಗೆ ಇಳೀಬೇಕು. ಅವನು ಇಳಿದ್ರೆ ನಾವೂ ಇಳಿತೀವಿ. ಅವನು ಇಳೀಲಿಲ್ಲ ಅಂದ್ರೆ ಹಿಂಡೂ ಇಳಿಯಾದಿಲ್ಲ. ಇದು ಎದುರು ಮಾತಲ್ಲ. ಪದ್ಧತಿ.”

“ಹೌದು, ಐತಿ,” ಎಂದು ಹಿಂದಿನಿಂದ ಮುದುಕಿ ನಿಂಗಮ್ಮನ ದನಿ ಬಂತು. “ನಮ್ಮ ಮಾವ ಹೊಳಿಯಿಂದ ಎರಡು ಸಲ ವಾಪಸು ಬಂದಿದ್ದ.”

ಮಾಳಮ್ಮ ಮರಿಯನ್ನು ಚಕ್ರವರ್ತಿಯ ಹೆಗಲಿಗೆ ಹಾಕಿದಳು, ಅದರ ನಾಲ್ಕೂ ಕಾಲು ಕುತ್ತಿಗೆಯ ಎರಡೂ ಕಡೆ ಬರುವಂತೆ. “ಮೊದ್ಲು ನೀವು ಆ ಊರಿಗೆ ಹೋಗಿ ನಿಂದ್ರಿ. ಆಮ್ಯಾಲೆ ಅಲ್ಲಿಂದ ಹೇಳ್ರಿ. ನಾ ಒತ್ತತೀನಿ.”

ಮಹಾದೇವಮ್ಮನವರು ಮುಂದಿನ ಸಾಲಿನಲ್ಲಿದ್ದ ಗಂಡನನ್ನು ನೋಡಿದರು. ಅಮಲ್ದಾರರು ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದರು, ಹೆಗಲು ಕುಲುಕುತ್ತಿತ್ತು. ಆ ನಗು ಮಹಾದೇವಮ್ಮನವರನ್ನು ಕೆಣಕಿತು ಎಂದು ಕಾಣುತ್ತದೆ. ಅವರು ಪೇಟ ನೆಟ್ಟಗೆ ಮಾಡಿಕೊಂಡು, “ಚಕ್ರವರ್ತಿ ಹೆದರುವವನಲ್ಲ,” ಎಂದು ಘೋಷಿಸಿ, ಮರಿ ಹೊತ್ತು, ವೇದಿಕೆ ದಾಟಿ ಶತ್ರುನಗರಕ್ಕೆ ನಡೆದರು. ಅರ್ಧ ದಾರಿಯಲ್ಲಿ ಮರಿ ಮೀಸೆಯ ಬಲಗಡೆಯ ಅರ್ಧವನ್ನು ಕಿತ್ತು ತಿನ್ನತೊಡಗಿತು. ಅಂಟಿನ ಬಗ್ಗೆ ನಾನು ಅಷ್ಟು ತಲೆಕೆಡಿಸಿಕೊಂಡದ್ದು ವ್ಯರ್ಥವಾಯಿತು.

ಕುಪ್ಪಗಡ್ಡೆಯವರಿಗೆ ಈ ದೃಶ್ಯದಲ್ಲಿ ಮಾತೇ ಇರಲಿಲ್ಲ, ಸಾವು ಮಾತ್ರ. ಆದರೆ ಒಬ್ಬರು ಮನೆಬಾಗಿಲಿಗೆ ಬಂದು ನಿಂತ ಮೇಲೆ ಸುಮ್ಮನಿರುವುದು ಮೂಕಮ್ಮನಿಗೆ ಗೊತ್ತಿಲ್ಲ.

“ಬನ್ನಿ ಬನ್ನಿ. ಬಿಸ್ಲಲ್ಲಿ ನಡ್ಕಂಡು ಬಂದಿದೀರಿ. ಎಂತಕ್ಕೆ ನಿಂತಿದೀರಿ, ಕೂತ್ಕಳಿ.” ಮಣೆ ಸರಿಸಿದಳು. ಇನ್ನೊಬ್ಬಳು ಬೆಲ್ಲದ ಚೂರು, ಬಿಂದಿಗೆಯಿಂದ ಒಂದು ಲೋಟ ನೀರು ತಂದು ಮುಂದಿಟ್ಟಳು. ಬೆಲ್ಲ ನಿಜವಾದದ್ದು, ನೀರೂ ನಿಜವಾದದ್ದು. ಅವರು ನಾಟಕಕ್ಕೆಂದು ಸುಳ್ಳು ಸಾಮಾನು ತಂದಿರಲಿಲ್ಲ. ಚಕ್ರವರ್ತಿ ನಿಜವಾಗಿಯೂ ಬಾಯಾರಿದ್ದರು. ಕೂತು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

“ಮರಿಗೂ ಒಂಚೂರು ಕೊಡಲಾ?” ಎಂದಳು ಮೂಕಮ್ಮ.

“ಬೇಡ, ಹೊಟ್ಟೆ ಕೆಡ್ತದೆ,” ಎಂದರು ಚಕ್ರವರ್ತಿ.

ಆಗ ಯಾರೋ ನನ್ನ ಹಿಂದೆ ಏದುಸಿರು ಬಿಡುವುದು ಕೇಳಿಸಿತು. ಚಂದ್ರಶೇಖರಪ್ಪನವರು ವೇದಿಕೆಯ ಹಿಂದಿನಿಂದ ಬಂದಿದ್ದರು. ಕೈಯಲ್ಲಿ ಅನುಮೋದಿತ ಪ್ರತಿ ಕೊಳವೆಯಂತೆ ಸುರುಳಿಯಾಗಿತ್ತು.

“ಏನ್ರೀ ಇದು? ಸುಬೇದಾರ್ರು ನೋಡ್ತಾ ಕೂತಾರೆ. ಬಾರಿಸ್ರೀ. ಸದ್ದಾದ್ರೆ ಅವರು ಬೀಳ್ತಾರೆ, ಪರದೆ ಎಳದ್ರೆ ಮುಗೀತು. ಬರದಂಗೆ ಮುಗೀಬೇಕು.”

ಒನಕೆ ನನ್ನ ಕೈಯಲ್ಲಿತ್ತು. ಪೀಪಾಯಿ ಒಂದು ಮಾರು ದೂರ. ಅವರು ಹೇಳಿದ್ದು ಸರಿಯೇ. ಒಂದು ಏಟು ಹಾಕಿದರೆ ಸಾಕು, ಒಂಬತ್ತು ಹೆಂಗಸರು ಕಲಿತಂತೆ ಬೀಳುತ್ತಾರೆ, ಮಾಳಮ್ಮನ ಮಾತು ಯಾರಿಗೂ ನೆನಪಿರುವುದಿಲ್ಲ, ಮಾರ್ಚ್ ವರದಿ ಸುಸೂತ್ರವಾಗುತ್ತದೆ. ಎಡಗೈ ತಾನಾಗಿಯೇ ಸೊಂಟದ ಕೀಲಿಕೈಯನ್ನು ಮುಟ್ಟಿತು. ಅದು ಅಲ್ಲೇ ಇತ್ತು, ಬೆಚ್ಚಗೆ. ಪರದೆಯ ಸಂದಿಯಿಂದ ಮಾಳಮ್ಮ ಕಾಣುತ್ತಿದ್ದಳು. ಅಂಗೈಯನ್ನು ಚೊಂಬಿನ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ಹಿಡಿದು ನಿಂತಿದ್ದಳು. ಒತ್ತಿರಲಿಲ್ಲ. ಅವಳು ಒತ್ತದೆ ನಾನು ಬಾರಿಸಿದರೆ ಬಾಂಬು ಹಾಕಿದವಳು ನಾನೇ.

ಒನಕೆಯನ್ನು ಗೋಡೆಗೆ ಒರಗಿಸಿದೆ. ಬೀಳದ ಹಾಗೆ, ಸದ್ದಾಗದ ಹಾಗೆ, ಎರಡೂ ಕೈಯಿಂದ.

“ಸಾರ್,” ಎಂದೆ. “ಒಂದು ಸಲ ಕೇಳ್ತೀನಿ. ಬಾರಿಸಲೇಬೇಕಾ?”

ಅವರು ನನ್ನನ್ನು ದಿಟ್ಟಿಸಿದರು. “ನೀವೂ ಶುರು ಮಾಡಿದ್ರಾ? ಬಾರಿಸ್ರೀ ಅಂದ್ನಲ್ಲ.”

“ಎರಡನೇ ಸಲ, ಸಾರ್. ಅಮಲ್ದಾರರ ಮನೆಯವರು ಆ ನಗರದಲ್ಲೇ ಕೂತು ನೀರು ಕುಡೀತಾ ಇದಾರೆ. ಈಗ ಬಾರಿಸಿದ್ರೆ ಅವರೂ ಬೂದಿ ಆಗಬೇಕಾಗುತ್ತೆ. ಅನುಮೋದಿತ ಪ್ರತಿಯಲ್ಲಿ ಅದು ಇಲ್ಲ. ಅಮಲ್ದಾರರು ಎದುರಿಗೇ ಇದಾರೆ. ಬಾರಿಸಲಾ?”

ಚಂದ್ರಶೇಖರಪ್ಪನವರು ಪರದೆಯ ಸಂದಿಗೆ ಕಣ್ಣಿಟ್ಟರು. ಮಣೆಯ ಮೇಲೆ ಚಕ್ರವರ್ತಿ, ತೊಡೆಯ ಮೇಲೆ ಮರಿ. ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಅಮಲ್ದಾರರು. ಚಂದ್ರಶೇಖರಪ್ಪನವರು ಸುರುಳಿಯನ್ನು ಬಿಚ್ಚಿದರು, ಮತ್ತೆ ಸುತ್ತಿದರು. ಮೂರನೇ ಸಲ ಕೇಳುವ ಅಗತ್ಯ ಬೀಳಲಿಲ್ಲ.

“ತಡೀರಿ ಸ್ವಲ್ಪ,” ಎಂದರು.

ವೇದಿಕೆಯ ಮೇಲೆ ಮಾಳಮ್ಮ ಕೇಳುತ್ತಿದ್ದಳು: “ಈಗ ಹೇಳ್ರಿ ಮಹಾಪ್ರಭು. ನೀವು ಅಲ್ಲೇ ಅದೀರಿ. ಒತ್ಲಾ?”

ಮಹಾದೇವಮ್ಮನವರು ಲೋಟ ಕೆಳಗಿಟ್ಟರು. ಅರ್ಧ ಮೀಸೆಯಲ್ಲಿ ಅವರ ಮುಖ ತಮಾಷೆಯಾಗಿತ್ತು. ಆದರೆ ಮರಿ ಅವರ ಬೆರಳು ಚೀಪುತ್ತಿತ್ತು, ದನಿ ಚಕ್ರವರ್ತಿಯದಾಗಿ ಉಳಿದಿರಲಿಲ್ಲ.

“ಬೇಡ ಕಣೇ,” ಎಂದರು. “ಇವರ ಮನೆ ಬೆಲ್ಲ ತಿಂದೀನಿ.”

ಅಂಗಳ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪರದೆಯ ಹಗ್ಗ ಎಳೆದೆ. ಎರಡನೇ ಗಂಟು ಸಿಕ್ಕಿಹಾಕಿಕೊಂಡು ಪರದೆ ಅರ್ಧಕ್ಕೇ ನಿಂತಿತು. ಯಾರೂ ಗಮನಿಸಲಿಲ್ಲ.

ಇನ್ನು ಸುಬೇದಾರರ ಭಾಷಣ. ಅವರು ದೀಪದ ಪಕ್ಕ ಬಂದು ನಿಂತರು. ಅವರು ಮೊದಲು ದೀಪವನ್ನು ನೋಡಿದರು, ಆಮೇಲೆ ಮಾಳಮ್ಮನನ್ನು.

“ದೀಪ ಹಚ್ಚಿದವನು ನಾನೇ. ಹಟ್ಟಿಯವರ ದೀಪದ ಪದ್ಧತಿ ನಂಗೂ ಗೊತ್ತದೆ. ಈಗ ನಾನೂ ಇದರ ಮುಂದೆ ನಿಂತು ನಿಜವೇ ಹೇಳ್ಬೇಕು ಅಂತಾಯ್ತು,” ಎಂದರು. ಜನ ನಕ್ಕರು. “ಇಪ್ಪತ್ತೆಂಟು ವರ್ಷ ಹುಕುಂ ಪಾಲಿಸಿದೋನು ನಾನು. ಹುಕುಂ ಪಾಲಿಸದೇ ಇದ್ರೆ ದಂಡು ಅನ್ನೋದು ಇರೋದಿಲ್ಲ, ಸಂತೆ ಆಗ್ತದೆ. ಆದ್ರೆ ನಮ್ಮ ಕಾಯಿದೆ ಪುಸ್ತಕದಲ್ಲಿ ಬರೀ ಹುಕುಂ ಅಂತ ಇಲ್ಲ. ಮೇಲಿನವರ ಕಾನೂನುಬದ್ಧ ಹುಕುಂ ಅಂತ ಅದೆ. ಆ ಒಂದು ಮಾತು ಯಾರೋ ಯೋಚನೆ ಮಾಡಿಯೇ ಸೇರಿಸಿದಾರೆ. ಯಾವುದು ಕಾನೂನುಬದ್ಧ, ಯಾವುದು ಅಲ್ಲ ಅಂತ ಸಿಪಾಯಿ ಅಲ್ಲೇ ನಿಂತು ಹೇಳೋದು ಕಷ್ಟ. ಅದು ತೀರ್ಮಾನ ಆಗೋದು ಆಮೇಲೆ, ಕೋರ್ಟಲ್ಲಿ. ಬಂದೂಕಿನ ಹುಕುಮಿಗಾದ್ರೆ ಆಮೇಲೆ ಅನ್ನೋದೊಂದು ಇರ್ತದೆ. ಈ ಬಾಂಬಿಗೆ ಆಮೇಲೆ ಅನ್ನೋದೇ ಇಲ್ಲ.”

ಅವರು ಮಾಳಮ್ಮನ ಕಡೆ ತಿರುಗಿದರು.

“ಹಂಗಿದ್ರೆ ಸೇನಾಪತಿ ಎಂತ ಮಾಡ್ಬೇಕು? ನಂಗೂ ಗೊತ್ತಿಲ್ಲ. ಗೊತ್ತದೆ ಅಂದ್ರೆ ದೀಪದ ಮುಂದೆ ಸುಳ್ಳು ಹೇಳಿದಂಗೆ ಆಗ್ತದೆ. ಆದ್ರೆ ಕೇಳೋದಕ್ಕಂತೂ ಅಡ್ಡಿಯಿಲ್ಲ. ಅಮ್ಮಾ, ಮೂರು ಸಲ ಕೇಳೋದಕ್ಕೆ ಎಷ್ಟು ಹೊತ್ತು ಹಿಡೀತದೆ?”

“ಹೊಳೆ ದಂಡ್ಯಾಗೆ ಕುಂತು ಒಂದು ಎಲೆಅಡಿಕೆ ಹಾಕ್ಕಳಷ್ಟು,” ಎಂದಳು ಮಾಳಮ್ಮ.

“ಅಷ್ಟು ಹೊತ್ತು ಯಾವ ಚಕ್ರವರ್ತಿಯಾದ್ರೂ ಕಾಯಬಹುದು,” ಎಂದರು ಸುಬೇದಾರರು. ಆಮೇಲೆ ಕೈ ಚಾಚಿ, “ಸೀಸೆ ಕೊಡು ಇಲ್ಲಿ. ಹಾಲು ಕುಡಿಸೋದು ನಂಗೂ ಬರ್ತದೆ,” ಎಂದು ಮರಿಯನ್ನು ಪದಕಗಳ ಮೇಲೆ ಅವುಚಿಕೊಂಡರು.

ಜನ ಕರಗುತ್ತಿದ್ದಾಗ ಚಂದ್ರಶೇಖರಪ್ಪನವರು ನನ್ನನ್ನು ಶಾಲೆಯ ಮೆಟ್ಟಿಲ ಬಳಿಗೆ ಕರೆದರು. ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋದೆ.

“ಸುಬೇದಾರ್ರು ನನ್ನ ಕೈ ಕುಲುಕಿದ್ರು. ಅಮಲ್ದಾರ್ರು ಇಂಥ ನಾಟಕ ನೋಡೇ ಇಲ್ಲ ಅಂದ್ರು. ಆದ್ರೂ ಅನುಮೋದನೆ ಅನುಮೋದನೇನೇ. ಈ ಸಮಾರಂಭದ ವರದಿ ನೀವೇ ಬರೀರಿ. ಸುಳ್ಳು ಇರಬಾರ್ದು. ನಿಜವೂ ಹೆಚ್ಚಿರಬಾರ್ದು.”

ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದೆ. ‘ನಾಟಕವು ಅನುಮೋದಿತ ಪ್ರತಿಯಂತೆ ಪ್ರಾರಂಭವಾಗಿ, ಮುಖ್ಯ ಅತಿಥಿಗಳ ಮೆಚ್ಚುಗೆಯೊಂದಿಗೆ ಮುಕ್ತಾಯಗೊಂಡಿತು. ಎರಡು ತಾಲ್ಲೂಕುಗಳ ಮಹಿಳೆಯರಲ್ಲಿ ಸೌಹಾರ್ದ ಬೆಳೆಯಿತು. ಪ್ರಾಣಹಾನಿ ಆಗಲಿಲ್ಲ.’ ಚಂದ್ರಶೇಖರಪ್ಪನವರು ಎರಡು ಸಲ ಓದಿದರು. ಕೊನೆಯ ವಾಕ್ಯದ ಮೇಲೆ ಕೆಂಪು ಪೆನ್ನು ಸ್ವಲ್ಪ ಹೊತ್ತು ತೂಗಾಡಿತು. ಹೊಡೆಯಲಿಲ್ಲ. ಕೆಳಗೆ ತಾವೇ ಒಂದು ಸಾಲು ಸೇರಿಸಿದರು: ‘ಸದರಿ ಸಂಘಟಕಿಯವರು ಮೇಲಧಿಕಾರಿಯನ್ನು ಕೇಳಿ ಕೆಲಸ ಮಾಡುವ ಸ್ವಭಾವದವರು. ಸೇವೆ ಮುಂದುವರಿಸಬಹುದು.’

ರುಜು ಹಾಕಿ ಪೆನ್ನು ಮುಚ್ಚುತ್ತಾ, “ಎರಡೇ ಸಲ ಕೇಳಿದ್ರಿ,” ಎಂದರು. “ಮೂರನೇದು ಕೇಳಿದ್ರೆ ಮರಿ ನನ್ನ ಹೆಗಲಿಗೆ ಬರ್ತಿತ್ತೇನೋ.”

“ಬರ್ತಿತ್ತು, ಸಾರ್.”

ಅವರು ನಗುತ್ತಿಲ್ಲ ಎಂದು ತೋರಿಸಿಕೊಳ್ಳಲು ಬೇಗ ಬೇಗ ನಡೆದು ಹೋದರು.

ವೇದಿಕೆಗೆ ಹಿಂತಿರುಗಿದಾಗ ಅಲ್ಲಿ ಹೆಂಗಸರು ಮಾತ್ರ ಉಳಿದಿದ್ದರು. ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಅವಲಕ್ಕಿಯ ಪಾತ್ರೆ ಖಾಲಿಯಾಗಿತ್ತು. ಮೂಕಮ್ಮ ಒಂದು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು.

“ಏನಾಯ್ತು ಮೂಕಮ್ಮ?”

“ಒಂದು ತಿಂಗ್ಳು ಸಾಯೋದು ಕಲ್ತಿದ್ದೆ. ಕೊಟ್ಟಿಗೇಲಿ, ಕಣದಲ್ಲಿ, ಎಲ್ಲಾ ಕಡೆ ಬಿದ್ದು ಬಿದ್ದು ಮೊಣಕೈ ತರಚಿ ಹೋಗದೆ. ಊರಿಗೆ ಹೋಗಿ ಎಂತ ಹೇಳ್ಲಿ? ಬೆಲ್ಲ ನೀರು ಕೊಟ್ಟು ಬಂದೆ ಅಂತ ಹೇಳಾದಾ?”

ಉಳಿದ ಎಂಟು ಜನರೂ ಅವಳ ಪರವಾಗಿದ್ದರು. ಮಹಾದೇವಮ್ಮನವರೂ, ಉಳಿದರ್ಧ ಮೀಸೆ ಕೀಳುತ್ತಾ, “ಪಾಪ, ಒಂದು ಸಲ ಸಾಯ್ಲಿ ಬಿಡೇ ವನಜ. ಅವರ ಜೊತೆ ನಾನೂ ಸಾಯ್ತೀನಿ, ನಂಗೂ ಆಸೆ ಅದೆ,” ಎಂದರು.

ನಾನು ಮಾಳಮ್ಮನನ್ನು ನೋಡಿದೆ. ಮಾಳಮ್ಮ ದೀಪವನ್ನು ನೋಡಿದಳು. ನಾಲ್ಕು ಬತ್ತಿ ತಾವಾಗಿಯೇ ಆರಿದ್ದವು. ಐದನೆಯದು ಎಣ್ಣೆಯ ಕೊನೆಯ ಹನಿಗಾಗಿ ಚಿಟಪಟ ಎನ್ನುತ್ತಿತ್ತು. ನಾವು ಹನ್ನೆರಡು ಜನ ಅದರ ಸುತ್ತ ಕೂತು ಕಾದೆವು. ಯಾರೂ ಊದಲಿಲ್ಲ, ಯಾರೂ ಬತ್ತಿ ಸರಿಸಲಿಲ್ಲ. ಮಾಳಮ್ಮ ಒಂದು ಎಲೆಅಡಿಕೆ ಹಾಕಿಕೊಂಡಳು. ಅದು ಮುಗಿಯುವ ಹೊತ್ತಿಗೆ ಬತ್ತಿ ಒಂದು ಎಳೆ ಹೊಗೆ ಬಿಟ್ಟು ಆರಿತು.

“ಈಗ ಬರೀ ಆಟ,” ಎಂದಳು ಮಾಳಮ್ಮ. ಎದ್ದು ಹೋಗಿ ಚೊಂಬಿನ ಮುಂದೆ ನಿಂತಳು. “ಆದ್ರೂ ಕೇಳ್ತೀನಿ. ಸಾಯಾರು ನೀವು. ನೀವೇ ಹೇಳ್ರಿ. ಒತ್ಲಾ?”

“ಒತ್ತು,” ಎಂದರು ಹತ್ತೂ ಜನ, ಚಕ್ರವರ್ತಿಯೂ ಸೇರಿ.

“ಎರಡು ಸಲ ಕೇಳ್ತೀನಿ.”

“ಒತ್ತೇ ಮಾರಾಯ್ತಿ, ಬಸ್ಸು ಹೋಗ್ತದೆ.”

ಮೂರನೇ ಸಲವನ್ನು ನಾನೇ ಕೇಳಿದೆ, ಒನಕೆ ಎತ್ತಿಕೊಂಡು. ಮೂಕಮ್ಮ ಉತ್ತರ ಕೊಡುವ ಬದಲು ಕಣ್ಣು ಮುಚ್ಚಿಕೊಂಡಳು. ನಾನು ಬಾರಿಸಿದೆ. ಓಣಿಯ ಎಮ್ಮೆ ಕೂಗಿತು.

ಅಂಥ ಸಾವನ್ನು ನಾನು ಯಾವ ನಾಟಕದಲ್ಲೂ ನೋಡಿಲ್ಲ. ಎಂಟು ಜನ ಮಾಗಿದ ಹಣ್ಣು ಉದುರಿದಂತೆ ಬಿದ್ದರು. ಚಕ್ರವರ್ತಿ ಪೇಟ ಹಿಡಿದುಕೊಂಡು ನಿಧಾನವಾಗಿ ಒರಗಿದರು. ಮೂಕಮ್ಮ ಮಾತ್ರ ಸಾಯುತ್ತಲೇ ಇದ್ದಳು. ಒರಳಿನ ಸುತ್ತ ಒಂದು ಸುತ್ತು ಬಂದಳು, ಬಿಂದಿಗೆಯನ್ನು ತಬ್ಬಿದಳು, ಬಿದ್ದಳು, ಎದ್ದಳು, ಮಕ್ಕಳ ಹೆಸರು ಒಂದೊಂದಾಗಿ ಕರೆದಳು, ನೆರೆಮನೆಯವಳು ಇಸಿದುಕೊಂಡು ಹೋದ ಜರಡಿಯನ್ನು ವಾಪಸು ಕೇಳಿದಳು, ಮತ್ತೆ ಬಿದ್ದಳು. ಸತ್ತವರೆಲ್ಲ ನಗುವುದನ್ನು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಿದ್ದರು. ಹೊರಗೆ ಬಸ್ಸು ಹಾರನ್ ಹೊಡೆಯಿತು.

ಮೂಕಮ್ಮ ಏಳಲಿಲ್ಲ. ಕೊನೆಗೆ ಮರಿ ಬುಟ್ಟಿಯಿಂದ ಇಳಿದು, ಟಕಟಕ ನಡೆದು ಹೋಗಿ, ಅವಳ ಕೆನ್ನೆಗೆ ಅಂಟಿದ ಬೆಲ್ಲವನ್ನು ನೆಕ್ಕಿತು.

“ಹೊಟ್ಟೆ ಕೆಡ್ತದೆ,” ಎಂದಳು ಸತ್ತವಳು, ಕಣ್ಣು ತೆರೆಯದೆ.